ದಪ್ಪ ಓರೆ ಅಕ್ಷರ ಎಲ್ಲಿ ಚೆಂದ, ಎಲ್ಲಿ ಬೇಡ

ಪ್ರಶ್ನೆ: ಮಂಡ್ಯದಲ್ಲಿ ನಮ್ಮದು ರೇಷ್ಮೆ ಸೀರೆ ಅಂಗಡಿ, ತಂದೆಯವರ ಕಾಲದಿಂದ ನಡೆದು ಬಂದದ್ದು. ಹಳೆ ಬೆಂಗಳೂರು-ಮೈಸೂರು ರಸ್ತೆಗೆ ಮುಖ ಮಾಡಿದೆ. ಈಗ ಬೋರ್ಡ್, ಸೀರೆ ಬಾಕ್ಸ್, ಕ್ಯಾರಿಬ್ಯಾಗ್, ವಿಸಿಟಿಂಗ್ ಕಾರ್ಡ್ ಎಲ್ಲವನ್ನೂ ಹೊಸದಾಗಿ ಮಾಡಿಸುತ್ತಿದ್ದೇವೆ. ಮೈಸೂರಿನ ಡಿಸೈನರ್ ಒಬ್ಬರು ಇಂಗ್ಲಿಷ್ ಹೆಸರಿಗೆ ಪ್ಲೇಫೇರ್ ಡಿಸ್‌ಪ್ಲೇ ಎಂಬ ಸೆರಿಫ್ ಫಾಂಟಿನ ಬೋಲ್ಡ್ ಇಟಾಲಿಕ್ ಹಾಕಿ ತೋರಿಸಿದರು. ಅದು ಶ್ರೀಮಂತವಾಗಿ ಕಾಣುತ್ತದೆ. ಆದರೆ ಕನ್ನಡ ಹೆಸರನ್ನೂ ಅದಕ್ಕೆ ಹೊಂದಲಿ ಅಂತ ಓರೆ ಮಾಡಿದ್ದಾರೆ. ಹೆಸರಿನಲ್ಲಿ 'ಲಕ್ಷ್ಮೀ' ಇದೆ. ಅದು ಯಾಕೋ ಕಣ್ಣಿಗೆ ಹಿಡಿಸುತ್ತಿಲ್ಲ. ಈ ಥರದ ಅಕ್ಷರದ ಗುಣ ಏನು? ಎಲ್ಲೆಲ್ಲಿ ಬಳಸಬಹುದು? ಕನ್ನಡವನ್ನು ಏನು ಮಾಡಬೇಕು?

ಉತ್ತರ: ನಿಮ್ಮ ಕಣ್ಣು ಸರಿಯಾಗಿಯೇ ಹೇಳುತ್ತಿದೆ. ಇಂಗ್ಲಿಷ್ ಹೆಸರು ಬೋಲ್ಡ್ ಇಟಾಲಿಕ್‌ನಲ್ಲೇ ಇರಲಿ. ಕನ್ನಡವನ್ನು ನೇರವಾಗಿ ನಿಲ್ಲಿಸಿ, ದಪ್ಪ ಮಾತ್ರ ಇಂಗ್ಲಿಷಿಗೆ ಸರಿದೂಗುವ ಹಾಗೆ ನೋಡಿಕೊಳ್ಳಿ. ಹೆಸರು ಬಿಟ್ಟು ಬೇರೆ ಮಾಹಿತಿಗೆ ಈ ಅಕ್ಷರ ಬೇಡ. ವಿಳಾಸ, ಫೋನ್ ನಂಬರ್, 'ಮದುವೆ ಸೀರೆಗಳು ಸಿಗುತ್ತವೆ' ಎಂಬ ಸಾಲು, ಇದೆಲ್ಲ ಸಾದಾ ಅಕ್ಷರದಲ್ಲಿರಲಿ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಕಾರಣ ಗೊತ್ತಿದ್ದರೆ ಡಿಸೈನರ್ ಜೊತೆ ಕೂತು ಮಾತಾಡುವಾಗ ನಿಮಗೇ ಧೈರ್ಯ ಇರುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸೆರಿಫ್ ಅಂದರೆ ಅಕ್ಷರದ ಗೆರೆ ಮುಗಿಯುವ ಕಡೆ ಇರುವ ಸಣ್ಣ ಪಾದ. ಇಟಾಲಿಕ್ ಅಂದರೆ ಬಲಕ್ಕೆ ಬಾಗಿದ ಅಕ್ಷರ. ಬೋಲ್ಡ್ ಅಂದರೆ ದಪ್ಪ. ಈ ಮೂರೂ ಒಟ್ಟಿಗೆ ಹುಟ್ಟಿದ್ದಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೆಲಸಕ್ಕೆ ಬಂದವು. ಬೋಲ್ಡ್ ಇಟಾಲಿಕ್ ನೋಡಿದಾಗ ನಮಗಾಗುವ ಅನುಭವದ ಬೇರು ಅಲ್ಲಿದೆ.

ಇಟಾಲಿಕ್ ಶುರುವಾಗಿದ್ದು ಇಟಲಿಯ ವೆನಿಸ್‌ನಲ್ಲಿ. ಆಲ್ಡಸ್ ಮನೂಷಿಯಸ್ ಎಂಬ ಪ್ರಕಾಶಕ ಕೈಯಲ್ಲಿ ಹಿಡಿದು ಓದುವ ಚಿಕ್ಕ ಪುಸ್ತಕಗಳನ್ನು ತರಲು ಹೊರಟಿದ್ದ. ಅವನಿಗಾಗಿ ಫ್ರಾನ್ಸೆಸ್ಕೊ ಗ್ರಿಫೊ ಎಂಬ ಅಚ್ಚುಮೊಳೆ ಕೆತ್ತುವವನು ಹೊಸ ಅಕ್ಷರ ಕೆತ್ತಿದ. 1501ರಲ್ಲಿ ರೋಮನ್ ಕವಿ ವರ್ಜಿಲನ ಕಾವ್ಯ ಪೂರ್ತಿಯಾಗಿ ಆ ಅಕ್ಷರದಲ್ಲೇ ಅಚ್ಚಾಯಿತು. ಆ ಕಾಲದ ವಿದ್ವಾಂಸರು, ಗುಮಾಸ್ತರು ಲೇಖನಿಯಲ್ಲಿ ಬೇಗ ಬೇಗ ಬರೆಯುತ್ತಿದ್ದ ಕೈಬರಹವೇ ಅದಕ್ಕೆ ಮಾದರಿ. ಅದರಲ್ಲಿ ಸಣ್ಣ ಅಕ್ಷರಗಳು ಮಾತ್ರ ಬಾಗಿದ್ದವು, ದೊಡ್ಡಕ್ಷರಗಳು ನೇರವಾಗಿಯೇ ನಿಂತಿದ್ದವು. ಆಗ ಇಟಾಲಿಕ್ ಅನ್ನುವುದು ಒತ್ತು ಕೊಡುವ ಉಪಾಯವೇ ಅಲ್ಲ. ಇಡೀ ಪುಸ್ತಕವೇ ಅದರಲ್ಲಿ. ನೇರ ಅಕ್ಷರದ ಮಧ್ಯೆ ಒಂದೆರಡು ಪದವನ್ನು ಎತ್ತಿ ತೋರಿಸಲು ಅದನ್ನು ಬಳಸುವ ರೂಢಿ ಆಮೇಲೆ ಬೆಳೆಯಿತು.

ದಪ್ಪ ಅಕ್ಷರ ಬಂದದ್ದು ಸುಮಾರು 300 ವರ್ಷ ಆದಮೇಲೆ. ಅದರ ಹುಟ್ಟು ಪುಸ್ತಕದಲ್ಲಲ್ಲ, ಬೀದಿಯಲ್ಲಿ. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಗೋಡೆಗಳ ಮೇಲೆ ಜಾಹೀರಾತು, ಲಾಟರಿ ಪೋಸ್ಟರ್, ಹರಾಜಿನ ನೋಟೀಸು ತುಂಬಿಕೊಂಡವು. ದೂರದಿಂದ ಕೂಗಿ ಕರೆಯುವ ಅಕ್ಷರ ಬೇಕಾಯಿತು. ಹಾಗೆ ಬಂದದ್ದು ಫ್ಯಾಟ್ ಫೇಸ್ ಎಂಬ ಜಾತಿ. 1845ರಲ್ಲಿ ರಾಬರ್ಟ್ ಬೆಸ್ಲಿ ಅವರ ಫೌಂಡ್ರಿ, ಅಂದರೆ ಅಚ್ಚುಮೊಳೆ ಎರಕ ಹೊಯ್ಯುವ ಕಾರ್ಖಾನೆ, ಕ್ಲಾರೆಂಡನ್ ಎಂಬ ದಪ್ಪ ಅಕ್ಷರವನ್ನು ಹೊರತಂದು ನೋಂದಣಿಯನ್ನೂ ಮಾಡಿಸಿತು. ರಕ್ಷಣೆ ಸಿಕ್ಕಿದ್ದು ಬರೀ 3 ವರ್ಷ. ಅದು ಮುಗಿದದ್ದೇ ತಡ, ಉಳಿದ ಫೌಂಡ್ರಿಗಳೂ ಅಂಥದ್ದನ್ನೇ ಮಾಡಿದವು. ಸಾದಾ ಅಕ್ಷರದ ಪಕ್ಕದಲ್ಲೇ ಕೂರಿಸಬಹುದಾದ ಈ ದಪ್ಪ ಅಕ್ಷರ ನಿಘಂಟುಗಳ ಮುಖ್ಯ ಪದಗಳಿಗೆ ತುಂಬಾ ಒಗ್ಗಿತು.

ಅಂದರೆ ಓರೆ ಅಕ್ಷರ ಬಂದದ್ದು ಓದುವ ಕೋಣೆಯಿಂದ, ದಪ್ಪ ಅಕ್ಷರ ಬಂದದ್ದು ಗೋಡೆಯ ಪೋಸ್ಟರಿನಿಂದ. ಒಂದು ಆಪ್ತವಾಗಿ ಮಾತಾಡುತ್ತದೆ, ಇನ್ನೊಂದು ಕೂಗುತ್ತದೆ. ಎರಡನ್ನೂ ಒಂದೇ ಅಕ್ಷರದಲ್ಲಿ ಸೇರಿಸಿದ್ದು ಬೋಲ್ಡ್ ಇಟಾಲಿಕ್. ಅದಕ್ಕೇ ಅದರಲ್ಲಿ ಆತ್ಮೀಯತೆಯೂ ಇದೆ, ಅಬ್ಬರವೂ ಇದೆ. ರೇಷ್ಮೆ ಸೀರೆ, ಸಿಹಿತಿಂಡಿ, ಸುಗಂಧ, ಒಡವೆ ಇಂಥ ವ್ಯಾಪಾರಕ್ಕೆ ಅದು ಹೊಂದುವುದು ಈ ಕಾರಣಕ್ಕೆ. ಸಂಭ್ರಮದ ವಸ್ತು, ಆದರೆ ಮನೆಗೆ ಹತ್ತಿರದ್ದು.

ಈ ಜೋಡಿ ಎಲ್ಲರ ಕೈಗೆ ಸುಲಭವಾಗಿ ಸಿಗುವುದಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು. ಪತ್ರಿಕೆ, ಪುಸ್ತಕಗಳಿಗೆ ಅಕ್ಷರ ಜೋಡಿಸುವ ಲೈನೋಟೈಪ್ ಯಂತ್ರ ಬಂದಾಗ ಅದರ ಒಂದೊಂದು ಅಚ್ಚಿನಲ್ಲಿ ಎರಡು ರೂಪ ಇರುತ್ತಿದ್ದವು. ಸಾದಾ ಜೊತೆಗೆ ಇಟಾಲಿಕ್, ಇಲ್ಲವೇ ಸಾದಾ ಜೊತೆಗೆ ಬೋಲ್ಡ್. ಎರಡೂ ಒಂದೇ ಅಗಲಕ್ಕೆ ಹೊಂದಬೇಕಿತ್ತು. ಸಹಜವಾಗಿ ಕಿರಿದಾಗಿರಬೇಕಾದ ಇಟಾಲಿಕ್ ಅಕ್ಷರಗಳು ಅಲ್ಲಿ ಬಲವಂತವಾಗಿ ಅಗಲವಾದವು. ಬೋಲ್ಡ್ ಇಟಾಲಿಕ್ ಬೇಕು ಅಂದರೆ ಬೇರೆಯದೇ ಅಚ್ಚುಗಳ ಸೆಟ್ಟು ತರಿಸಬೇಕಿತ್ತು. ಕಂಪ್ಯೂಟರ್ ಬಂದಮೇಲೆ ಎರಡು ಬಟನ್ ಒತ್ತಿದರೆ ಸಾಕು ಅನ್ನುವ ಹಾಗಾಯಿತು. ಸುಲಭವಾಗಿ ಸಿಕ್ಕಿದ್ದರಿಂದಲೇ ಬೇಕಾದ ಕಡೆಗಿಂತ ಬೇಡದ ಕಡೆ ಜಾಸ್ತಿ ಬಳಕೆಯಾಗುತ್ತಿದೆ. ಲಗ್ನಪತ್ರಿಕೆಗಳನ್ನೇ ನೋಡಿ. ವಧೂವರರ ಹೆಸರಿಗೆ ಒಪ್ಪುವ ಅಕ್ಷರವನ್ನು ಕಲ್ಯಾಣ ಮಂಟಪದ ವಿಳಾಸಕ್ಕೂ, 'ಬಂಧು ಮಿತ್ರರ ಆಗಮನಾಭಿಲಾಷಿಗಳು' ಎಂಬ ಸಾಲಿಗೂ ಹಾಕಿಬಿಡುತ್ತಾರೆ. ಎಲ್ಲವೂ ಮುಖ್ಯ ಅಂತ ತೋರಿಸಲು ಹೋದಾಗ ಹೆಸರೇ ಕಳೆದುಹೋಗುತ್ತದೆ.

ಈಗ ಅಕ್ಷರದ ಮೈಕಟ್ಟಿಗೆ ಬರೋಣ. ನಿಜವಾದ ಇಟಾಲಿಕ್ ಅಂದರೆ ನೇರ ಅಕ್ಷರವನ್ನು ಸುಮ್ನೆ ತಳ್ಳಿ ಬಾಗಿಸಿದ್ದಲ್ಲ. ಅಕ್ಷರದ ಆಕಾರವೇ ಬದಲಾಗುತ್ತದೆ. ನಿಮ್ಮ ಹೆಸರಿನ ಇಂಗ್ಲಿಷ್ ಬರಹದಲ್ಲೇ ಇದನ್ನು ನೋಡಬಹುದು. ನೇರ ಅಕ್ಷರದಲ್ಲಿ ಸಣ್ಣ 'ಎ'ಗೆ ಮೇಲೊಂದು ಕೊಕ್ಕೆ, ಕೆಳಗೊಂದು ಹೊಟ್ಟೆ. ಇಟಾಲಿಕ್‌ನಲ್ಲಿ ಮೇಲಿನ ಕೊಕ್ಕೆ ಹೋಗಿ ನಾವು ಕೈಯಲ್ಲಿ ಬರೆಯುವ 'ಎ' ಬರುತ್ತದೆ. 'ಎಚ್', 'ಎಂ' ಅಕ್ಷರಗಳಲ್ಲಿ ಕಮಾನು ಕಂಬದ ಕೆಳಭಾಗದಿಂದಲೇ ಕವಲೊಡೆದು ಮೇಲೇಳುತ್ತದೆ. ಕೊನೆಯಲ್ಲಿ ಚಪ್ಪಟೆ ಪಾದದ ಬದಲು ಮೇಲಕ್ಕೆ ಎಳೆದ ಸಣ್ಣ ಬಾಲ ಇರುತ್ತದೆ. ಆ ಬಾಲ ಮುಂದಿನ ಅಕ್ಷರವನ್ನು ಕರೆಯುತ್ತದೆ. ಬಹುತೇಕ ಇಟಾಲಿಕ್‌ಗಳಲ್ಲಿ 'ಎಫ್' ಅಕ್ಷರ ಸಾಲಿನಿಂದ ಕೆಳಗೂ ಇಳಿಯುತ್ತದೆ. ಒಟ್ಟಾರೆ ಅಕ್ಷರಗಳು ಕಿರಿದಾಗಿ, ಹತ್ತಿರ ಹತ್ತಿರ ಇರುತ್ತವೆ.

ಇದಕ್ಕೆ ದಪ್ಪ ಸೇರಿಸುವುದು ಕಷ್ಟದ ಕೆಲಸ. ಕಿರಿದಾದ ಅಕ್ಷರದಲ್ಲಿ ದಪ್ಪ ಹೆಚ್ಚಿಸಿದರೆ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ಅದಕ್ಕೆ ಒಳ್ಳೆ ಅಕ್ಷರ ವಿನ್ಯಾಸಕರು ಬೋಲ್ಡ್ ಇಟಾಲಿಕ್ ಅನ್ನು ಹೊಸದಾಗಿಯೇ ಬಿಡಿಸುತ್ತಾರೆ. ಕಂಬವನ್ನು ದಪ್ಪ ಮಾಡಿ, ಸೇರುವ ಜಾಗಗಳನ್ನು ತೆಳು ಮಾಡಿ, ಅಗಲ ಸ್ವಲ್ಪ ಹೆಚ್ಚಿಸುತ್ತಾರೆ. ಓರೆಯನ್ನೂ ಬದಲಿಸುವುದುಂಟು. ಟೈಮ್ಸ್ ಎಂಬ ಫಾಂಟಿನ ಕಂಪ್ಯೂಟರ್ ರೂಪದಲ್ಲಿ ಸಾದಾ ಇಟಾಲಿಕ್ 15.5 ಡಿಗ್ರಿ ಬಾಗಿದ್ದರೆ ಬೋಲ್ಡ್ ಇಟಾಲಿಕ್ 15 ಡಿಗ್ರಿ. ಅರ್ಧ ಡಿಗ್ರಿಯ ಬಗ್ಗೆಯೂ ಯಾರೋ ಕೂತು ಯೋಚಿಸಿದ್ದಾರೆ ಅಂತ ನೆನೆದಾಗೆಲ್ಲ ನನಗೆ ಈ ಕೆಲಸದ ಮೇಲಿನ ಗೌರವ ಹೆಚ್ಚುತ್ತದೆ.

ಅಷ್ಟು ಕಷ್ಟಪಟ್ಟು ಬಿಡಿಸದೇ ಇದ್ದರೆ ಏನಾಗುತ್ತದೆ? ಸಾಫ್ಟ್‌ವೇರ್ ತಾನೇ ಬಾಗಿಸಿ, ಸುತ್ತಲೂ ಮಸಿ ಬಳಿದ ಹಾಗೆ ದಪ್ಪ ಮಾಡುತ್ತದೆ. ಉದಾಹರಣೆಗೆ, ಅಬ್ರಿಲ್ ಫ್ಯಾಟ್‌ಫೇಸ್ ಎಂಬ ಜನಪ್ರಿಯ ಉಚಿತ ಫಾಂಟಿಗೆ ಇರುವುದು ಒಂದೇ ರೂಪ, ನೇರವಾದದ್ದು. ಅದರ ಮೇಲೆ ಇಟಾಲಿಕ್ ಬಟನ್ ಒತ್ತಿದರೆ ವರ್ಡ್ ಪೇಜಿನಲ್ಲಿ ಏನೋ ಒಂದು ಓರೆ ಬರುತ್ತದೆ, ಆದರೆ ಅದನ್ನು ಯಾರೂ ಬಿಡಿಸಿಲ್ಲ. ದುಂಡಗಿನ ಭಾಗಗಳು ಮೊಟ್ಟೆ ಒತ್ತಿದ ಹಾಗೆ ಸೊಟ್ಟಗಾಗಿರುತ್ತವೆ. ಗುರುತಿಸುವುದು ಸುಲಭ. ಸಣ್ಣ 'ಎ' ನೋಡಿ. ಓರೆಯಾಗಿದ್ದರೂ ಮೇಲಿನ ಕೊಕ್ಕೆ ಹಾಗೇ ಉಳಿದಿದ್ದರೆ, ಸೆರಿಫ್ ಫಾಂಟುಗಳ ಮಟ್ಟಿಗೆ ಅದು ಬಹುತೇಕ ಯಂತ್ರ ಬಾಗಿಸಿದ್ದು. ನಿಮ್ಮ ಡಿಸೈನರ್ ಬಳಸಿದ ಪ್ಲೇಫೇರ್ ಡಿಸ್‌ಪ್ಲೇಯಲ್ಲಿ ನಿಜವಾದ ಬೋಲ್ಡ್ ಇಟಾಲಿಕ್ ಇದೆ. ಆದರೂ ಅವರು ಫಾಂಟ್ ಪಟ್ಟಿಯಿಂದ ಅದನ್ನೇ ಆರಿಸಿದ್ದಾರಾ, ಇಲ್ಲ ಸಾದಾ ರೂಪದ ಮೇಲೆ ಬಟನ್ ಒತ್ತಿದ್ದಾರಾ ಅಂತ ಒಮ್ಮೆ ಕೇಳಿ.

ಪ್ಲೇಫೇರ್ ಒಳ್ಳೆ ಆಯ್ಕೆ. ಡೆನ್ಮಾರ್ಕಿನ ಕ್ಲಾಸ್ ಎಗರ್ಸ್ ಸೋರೆನ್ಸೆನ್ ಅವರ ವಿನ್ಯಾಸ. 18ನೇ ಶತಮಾನದ ಕೊನೆಯ ಕಾಲದ ಅಕ್ಷರಗಳ ಛಾಯೆ ಅದಕ್ಕಿದೆ. ಮುಕ್ತ ಪರವಾನಗಿಯ ಫಾಂಟ್ ಆದ್ದರಿಂದ ವ್ಯಾಪಾರಕ್ಕೂ ದುಡ್ಡು ಕೊಡದೆ ಬಳಸಬಹುದು. ಆದರೆ ಅದನ್ನು ಮಾಡಿರುವುದೇ ದೊಡ್ಡ ಗಾತ್ರಕ್ಕೆ. ದಪ್ಪ ಗೆರೆ ತುಂಬಾ ದಪ್ಪ, ತೆಳು ಗೆರೆ ತುಂಬಾ ತೆಳು. ಬೋರ್ಡಿನ ಮೇಲೆ ಮಿಂಚುತ್ತದೆ. ಕಾರ್ಡಿನ ಮೂಲೆಯಲ್ಲಿ ಸಣ್ಣಗೆ ಹಾಕಿದರೆ ತೆಳು ಗೆರೆ ಮಾಯವಾಗಿ ಅಕ್ಷರ ತುಂಡು ತುಂಡಾಗಿ ಕಾಣುತ್ತದೆ. ಬೋಡೋನಿ ಜಾತಿಯ ಅಕ್ಷರಗಳಲ್ಲಿ ಈ ಸಮಸ್ಯೆ ಇನ್ನೂ ಜಾಸ್ತಿ. ಇಟಲಿಯ ಪಾರ್ಮಾ ಊರಿನ ಜಂಬತಿಸ್ತ ಬೋಡೋನಿ ಕೆತ್ತಿದ ಆ ಶೈಲಿಯಲ್ಲಿ ತೆಳು ಗೆರೆ ಕೂದಲಷ್ಟೇ ಇರುತ್ತದೆ. ಸಣ್ಣ ಗಾತ್ರಕ್ಕೆ ಬೋಲ್ಡ್ ಇಟಾಲಿಕ್ ಬೇಕೇ ಬೇಕು ಅಂದರೆ ಲೋರಾ ನೋಡಿ, ಇಲ್ಲವೇ ಜಾರ್ಜಿಯಾ ನೋಡಿ. ಜಾರ್ಜಿಯಾವನ್ನು ಮ್ಯಾಥ್ಯೂ ಕಾರ್ಟರ್ ಮೈಕ್ರೋಸಾಫ್ಟ್‌ಗಾಗಿ ಕಂಪ್ಯೂಟರ್ ಪರದೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದರು, ಹಾಗಾಗಿ ಗೆರೆಗಳು ಗಟ್ಟಿಮುಟ್ಟು. ಒಂದೇ ಎಚ್ಚರಿಕೆ: ಜಾರ್ಜಿಯಾದ ಅಂಕಿಗಳಲ್ಲಿ 3, 4, 5, 7, 9 ಸಾಲಿನಿಂದ ಕೆಳಗೆ ಇಳಿಯುತ್ತವೆ. ಪುಸ್ತಕದ ಸಾಲಿನ ನಡುವೆ ಅದು ಚೆಂದ. ಫೋನ್ ನಂಬರ್‌ಗೆ, ಬೆಲೆ ಚೀಟಿಗೆ ಹಾಕಿದರೆ ಅಂಕಿಗಳು ಏರಿಳಿದು ಗೊಂದಲವಾಗುತ್ತದೆ.

ಬೆಲೆ ಚೀಟಿ ಅಂದಾಗ ಇನ್ನೊಂದು ಮಾತು. ನಮ್ಮ ₹ ಚಿಹ್ನೆ ಬಂದದ್ದು 2010ರಲ್ಲಿ. ಅದಕ್ಕಿಂತ ಹಳೆಯ ಫಾಂಟುಗಳಲ್ಲಿ ಅದು ಇರುವುದಿಲ್ಲ. ಆಗ ಸಾಫ್ಟ್‌ವೇರ್ ಬೇರೆ ಫಾಂಟಿನಿಂದ ತಂದು ಕೂರಿಸುತ್ತದೆ. ಅಂಕಿಗಳೆಲ್ಲ ದಪ್ಪಗೆ ಓರೆಯಾಗಿ ಓಡುತ್ತಿರುತ್ತವೆ, ₹ ಒಂದು ಮಾತ್ರ ತೆಳ್ಳಗೆ ನೇರ ನಿಂತಿರುತ್ತದೆ. ಅಚ್ಚಿಗೆ ಕೊಡುವ ಮುಂಚೆ ಇದನ್ನು ನೋಡಿಕೊಳ್ಳಿ.

ಇನ್ನು ನಿಮ್ಮ ಪ್ರಶ್ನೆಯ ಮುಖ್ಯ ಭಾಗ, ಕನ್ನಡ. ಇಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯ ಇದೆ. ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರವನ್ನು ಹಿಡಿದು ಬಾಗಿಸುವುದು ಬೇಡ.

ಕಾರಣ ಅಕ್ಷರದ ರಚನೆಯಲ್ಲೇ ಇದೆ. ಇಂಗ್ಲಿಷಿನಲ್ಲಿ ಬಹುತೇಕ ಒಂದೊಂದು ಅಕ್ಷರವೂ ಒಂದೇ ತುಂಡು, ಒಂದೇ ಸಾಲಿನ ಮೇಲೆ ನಿಂತಿರುತ್ತದೆ. ಕನ್ನಡದಲ್ಲಿ ಒಂದು ಅಕ್ಷರ ಅಂದರೆ ಒಂದು ಸಂಸಾರ. ನಿಮ್ಮ 'ಲಕ್ಷ್ಮೀ'ಯಲ್ಲಿನ 'ಕ್ಷ್ಮೀ' ತೆಗೆದುಕೊಳ್ಳಿ. ನಡುವೆ ಕಕಾರದ ಮೈ. ಮೇಲೆ ಗುಡಿಸು. ಕೆಳಗೆ ಷಕಾರದ ಒತ್ತು, ಅದಕ್ಕೆ ಅಂಟಿಕೊಂಡು ಮಕಾರದ ಒತ್ತು. ಬಲಕ್ಕೆ ದೀರ್ಘದ ಗುರುತು. ಯಾವುದು ಯಾರಿಗೆ ಸೇರಿದ್ದು ಅಂತ ಕಣ್ಣಿಗೆ ಗೊತ್ತಾಗುವುದು ಅವು ಇರುವ ಜಾಗದಿಂದ. ಈಗ ಇಡೀ ಪದವನ್ನು 15 ಡಿಗ್ರಿ ಬಾಗಿಸಿ ನೋಡಿ. ಸಾಲಿನ ಮೇಲಿರುವುದೆಲ್ಲ ಬಲಕ್ಕೆ ಸರಿಯುತ್ತದೆ, ಕೆಳಗಿರುವುದೆಲ್ಲ ಎಡಕ್ಕೆ ಸರಿಯುತ್ತದೆ. ಅಕ್ಷರದ ಮೈ 10 ಇಂಚು ಎತ್ತರ ಇದ್ದರೆ ಅದರ ತುದಿ ಎರಡೂವರೆ ಇಂಚಿಗಿಂತ ಜಾಸ್ತಿ ಬಲಕ್ಕೆ ಹೋಗುತ್ತದೆ. ಒತ್ತು 4 ಇಂಚು ಕೆಳಗೆ ಇಳಿದಿದ್ದರೆ ಅದರ ತುದಿ ಸುಮಾರು ಒಂದು ಇಂಚು ಎಡಕ್ಕೆ ಬರುತ್ತದೆ. ಗುಡಿಸು ಬಲಗಡೆಯ ದೀರ್ಘದ ಮೇಲೆ ವಾಲುತ್ತದೆ, ಒತ್ತು ಹಿಂದಿನ 'ಲ'ಕಾರದ ಕಡೆಗೆ ಜಾರುತ್ತದೆ. ನಿಮ್ಮ ಕಣ್ಣಿಗೆ ಹಿಡಿಸದೆ ಇದ್ದದ್ದು ಬಹುಶಃ ಇದೇ, ಅಲ್ವಾ?

ತಲೆಕಟ್ಟು ಇನ್ನೊಂದು ತೊಂದರೆ. 'ಕ', 'ಸ', 'ರ' ಹೀಗೆ ಬಹಳ ಅಕ್ಷರಗಳ ತಲೆಯ ಮೇಲಿರುವ ಆ ಗುರುತು ಪದಕ್ಕೆ ಒಂದು ಮೇಲ್ಸಾಲು ಕೊಡುತ್ತದೆ. ಬಾಗಿಸಿದಾಗ ದುಂಡು ಮೈ ಒಂದು ಕಡೆ ಸೊಟ್ಟಗಾಗಿ, ತಲೆಕಟ್ಟು ಟೋಪಿ ಜಾರಿದಂತೆ ಕಾಣುತ್ತದೆ. ಕನ್ನಡದ ಚೆಲುವು ಇರುವುದೇ ದುಂಡಿನಲ್ಲಿ. ದುಂಡನ್ನು ಯಂತ್ರದಿಂದ ಬಾಗಿಸಿದರೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಆಗುತ್ತದೆ. ಅದು ಬರೆದವರ ಕೈ ಮಾಡಿದ ದಪ್ಪ-ತೆಳು ಅಲ್ಲ, ಲೆಕ್ಕ ಮಾಡಿದ ದಪ್ಪ-ತೆಳು.

ಇದಕ್ಕೆ ಇತಿಹಾಸದ ಬೆಂಬಲವೂ ಇದೆ. ಇಟಾಲಿಕ್ ಹುಟ್ಟಿದ್ದು ಕಾಗದದ ಮೇಲೆ ವೇಗವಾಗಿ ಓಡುವ ಲೇಖನಿಯಿಂದ ಅಂತ ಹೇಳಿದೆ. ನಮ್ಮಲ್ಲಿ ಬಹಳ ಕಾಲ ಬರವಣಿಗೆ ನಡೆದದ್ದು ತಾಳೆಗರಿಯ ಮೇಲೆ, ಕಂಟ ಎಂಬ ಕಬ್ಬಿಣದ ಮೊನೆಯಿಂದ. ಗರಿಯ ಮೇಲೆ ಗೀರಿ, ಆಮೇಲೆ ಮಸಿ ತೀಡಿ ಓದುತ್ತಿದ್ದರು. ಮೈಸೂರಿನ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ 1905ರಲ್ಲಿ ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿ ಸಿಕ್ಕಿದ ಸಂಸ್ಥೆಯಲ್ಲಿ, ಇಂಥ ಗರಿಗಳ ದೊಡ್ಡ ಸಂಗ್ರಹವೇ ಇದೆ. ಕಂಟದಿಂದ ಗೀರಿದ ಗೆರೆ ಹೆಚ್ಚುಕಡಿಮೆ ಒಂದೇ ದಪ್ಪ. ಅಲ್ಲಿ ಓರೆ ಬರಹ, ನೇರ ಬರಹ ಅಂತ ಎರಡು ಜೋಡಿ ಬೆಳೆಯಲೇ ಇಲ್ಲ. ಆಮೇಲೆ ಅಚ್ಚುಮೊಳೆ ಬಂದಾಗಲೂ ಕನ್ನಡ ಪುಸ್ತಕಗಳಲ್ಲಿ ಪದವನ್ನು ಎತ್ತಿ ತೋರಿಸಲು ದಪ್ಪ ಮೊಳೆ, ದೊಡ್ಡ ಮೊಳೆ, ಉದ್ಧರಣ ಚಿಹ್ನೆ ಬಳಸಿದರು. ಅದು ಕೊರತೆ ಅಂತ ನನಗೆ ಅನ್ನಿಸುವುದಿಲ್ಲ. ಕನ್ನಡಕ್ಕೆ ಅದರದ್ದೇ ದಾರಿ ಇತ್ತು.

ಹಾಗಂತ ಓರೆ ಕನ್ನಡ ಬರೆಯಲೇಬಾರದು ಅಂತಲ್ಲ. ಕುಂಚ ಹಿಡಿದು ಬೋರ್ಡ್ ಬರೆಯುವ ಕಲಾವಿದರು ಎಷ್ಟು ಚೆಂದವಾಗಿ ಓರೆ ಕನ್ನಡ ಬರೆಯುತ್ತಾರೆ ಅಂತ ನೋಡಿದವರಿಗೆ ಗೊತ್ತು. ಅವರು ಅಕ್ಷರವನ್ನು ಬಾಗಿಸುವುದಿಲ್ಲ, ಬಾಗಿದ ಅಕ್ಷರವನ್ನೇ ಬರೆಯುತ್ತಾರೆ. ಒತ್ತು ಎಲ್ಲಿ ಕೂತರೆ ತನ್ನ ಅಕ್ಷರಕ್ಕೆ ಸೇರಿದ್ದಂತೆ ಕಾಣುತ್ತದೋ ಅಲ್ಲೇ ಕೂರಿಸುತ್ತಾರೆ. ಗುಡಿಸು ಹೊಡೆಯುವಾಗ ಕೈ ತಾನೇ ಸ್ವಲ್ಪ ಎಡಕ್ಕೆ ತರುತ್ತದೆ. ಫ್ಲೆಕ್ಸ್ ಬಂದಮೇಲೆ ಇವರಿಗೆ ಕೆಲಸ ಕಡಿಮೆಯಾಗಿದೆ, ಆದರೆ ಮೈಸೂರು, ಮಂಡ್ಯ ಎರಡೂ ಕಡೆ ಇನ್ನೂ ಇದ್ದಾರೆ. ನಿಮ್ಮ ಬಜೆಟ್‌ನಲ್ಲಿ ಜಾಗ ಇದ್ದರೆ ಕನ್ನಡ ಹೆಸರನ್ನು ಅಂಥ ಒಬ್ಬರಿಂದ ಕಾಗದದ ಮೇಲೆ ದೊಡ್ಡದಾಗಿ ಬರೆಸಿ. ಸ್ಕ್ಯಾನ್ ಮಾಡಿ, ಡಿಸೈನರ್ ಕೈಯಲ್ಲಿ ಕೋರಲ್ ಡ್ರಾದಲ್ಲಿ ಗೆರೆ ತಿದ್ದಿಸಿಕೊಳ್ಳಿ. ಬೇರೆ ಯಾವ ಅಂಗಡಿಗೂ ಇಲ್ಲದ ಅಕ್ಷರ ನಿಮ್ಮದಾಗುತ್ತದೆ. ನಾನು ನಿಮ್ಮ ಜಾಗದಲ್ಲಿದ್ದರೆ ಇದನ್ನೇ ಮಾಡುತ್ತಿದ್ದೆ.

ಅದು ಆಗದಿದ್ದರೆ ನೇರವಾದ ಒಳ್ಳೆ ಕನ್ನಡ ಫಾಂಟ್ ಆರಿಸಿ. ನೋಟೋ ಸೆರಿಫ್ ಕನ್ನಡದಲ್ಲಿ ತೀರಾ ತೆಳುವಿನಿಂದ ತೀರಾ ದಪ್ಪದವರೆಗೆ 9 ದಪ್ಪಗಳಿವೆ. ಅದೂ ಉಚಿತ. ಇಂಗ್ಲಿಷ್ ಬೋಲ್ಡ್ ಅಂತ ಕನ್ನಡದಲ್ಲೂ 'ಬೋಲ್ಡ್' ಎಂದು ಹೆಸರಿರುವುದನ್ನೇ ಕಣ್ಣುಮುಚ್ಚಿ ತೆಗೆದುಕೊಳ್ಳಬೇಡಿ. ಎರಡು ಹೆಸರನ್ನೂ ಪಕ್ಕಪಕ್ಕ ಇಟ್ಟು, ಕಣ್ಣು ಅರ್ಧ ಮುಚ್ಚಿ ನೋಡಿ. ಎರಡೂ ಒಂದೇ ಕಪ್ಪಾಗಿ ಕಾಣಬೇಕು. ಕನ್ನಡ ಮಂಕಾಗಿ ಕಂಡರೆ ಒಂದು ಹೆಜ್ಜೆ ದಪ್ಪದ್ದಕ್ಕೆ ಹೋಗಿ. ಗಾತ್ರವನ್ನೂ ಹಾಗೆಯೇ ಕಣ್ಣಿನಿಂದಲೇ ತೀರ್ಮಾನಿಸಿ. ಕನ್ನಡದಲ್ಲಿ ಮೇಲೆ ಗುಡಿಸಿಗೆ, ಕೆಳಗೆ ಒತ್ತಿಗೆ ಜಾಗ ಬಿಡಬೇಕಾದ್ದರಿಂದ ಒಂದೇ ಪಾಯಿಂಟ್ ಸೈಜ್ ಕೊಟ್ಟರೆ ಎರಡೂ ಲಿಪಿ ಒಂದೇ ಎತ್ತರಕ್ಕೆ ಕಾಣುವುದಿಲ್ಲ.

ನೇರ ಕನ್ನಡ, ಓರೆ ಇಂಗ್ಲಿಷ್ ಒಟ್ಟಿಗೆ ಇದ್ದರೆ ಹೊಂದುತ್ತದಾ ಅಂತ ನಿಮಗೆ ಅನುಮಾನ ಬರಬಹುದು. ಖಂಡಿತ ಹೊಂದುತ್ತದೆ. ಕಾನೂನಿನ ಪ್ರಕಾರ ನಾಮಫಲಕದಲ್ಲಿ 60% ಕನ್ನಡ ಇರಬೇಕು, 2024ರ ತಿದ್ದುಪಡಿಯ ಮೇಲಂತೂ ಇದರಲ್ಲಿ ಗೊಂದಲವೇ ಇಲ್ಲ. ಹಾಗಾಗಿ ಕನ್ನಡವೇ ಮನೆಯ ಯಜಮಾನ. ಅದು ದೊಡ್ಡದಾಗಿ, ನೇರವಾಗಿ, ಮೇಲೆ ನಿಲ್ಲಲಿ. ಇಂಗ್ಲಿಷ್ ಅದರ ಕೆಳಗೆ ಚಿಕ್ಕದಾಗಿ, ಬೋಲ್ಡ್ ಇಟಾಲಿಕ್‌ನಲ್ಲಿ ಓಡಲಿ. ಒಂದು ನಿಂತಿದ್ದು, ಇನ್ನೊಂದು ಚಲಿಸಿದಾಗಲೇ ಎರಡಕ್ಕೂ ಕಳೆ. ಎರಡೂ ಓರೆಯಾದರೆ ಇಡೀ ಬೋರ್ಡೇ ಬೀಳುತ್ತಿರುವ ಹಾಗೆ ಕಾಣುತ್ತದೆ. ನಡುವೆ ಜಾಗ ಮಾತ್ರ ಧಾರಾಳವಾಗಿ ಬಿಡಿ. 'ಕ್ಷ್ಮೀ'ಯ ಒತ್ತುಗಳು ಕೆಳಗಿಳಿದು ಇಂಗ್ಲಿಷಿನ 'ಕೆ', 'ಎಚ್' ಅಕ್ಷರಗಳ ತಲೆಗೆ ತಾಗಬಾರದು.

ಬೋರ್ಡ್ ಕೆಲಸದವರಲ್ಲಿ ಒಂದು ಅಂದಾಜು ಲೆಕ್ಕ ಇದೆ: ಪ್ರತಿ 10 ಅಡಿ ದೂರಕ್ಕೆ ಅಕ್ಷರ 1 ಇಂಚು ಎತ್ತರ ಇರಬೇಕು. ಎದುರು ಫುಟ್‌ಪಾತ್ 60 ಅಡಿ ದೂರ ಇದ್ದರೆ 6 ಇಂಚು. ಬೋಲ್ಡ್ ಇಟಾಲಿಕ್‌ಗೆ ನಾನು ಇದಕ್ಕಿಂತ ಜಾಸ್ತಿ ಹಿಡಿಯುತ್ತೇನೆ, ಯಾಕಂದ್ರೆ ಕಿರಿದಾದ ದಪ್ಪ ಅಕ್ಷರಗಳು ದೂರದಿಂದ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಅಕ್ಷರಗಳ ನಡುವಿನ ಅಂತರವನ್ನೂ ಸ್ವಲ್ಪ ಸಡಿಲಿಸಿ. ನಿಮ್ಮ ರಸ್ತೆಯಲ್ಲಿ ಬಸ್ಸಿನಿಂದ ನೋಡುವವರೂ ಇರುತ್ತಾರೆ, ಅವರಿಗೆ ಸಿಗುವುದು ಎರಡು ಮೂರು ಸೆಕೆಂಡು. ಇಂಗ್ಲಿಷ್ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಮಾತ್ರ ಬೇಡ. ಇಟಾಲಿಕ್‌ನ ಸೊಗಸು ಸಣ್ಣ ಅಕ್ಷರಗಳಲ್ಲಿದೆ. ಎಲ್ಲ ದೊಡ್ಡಕ್ಷರವಾದರೆ ಓರೆಯಾದ ಬೇಲಿ ನಿಲ್ಲಿಸಿದ ಹಾಗಾಗುತ್ತದೆ.

ಅಕ್ರಿಲಿಕ್‌ನಲ್ಲೋ ಸ್ಟೀಲಿನಲ್ಲೋ ಅಕ್ಷರ ಕತ್ತರಿಸಿ ಒಳಗೆ ಎಲ್‌ಇಡಿ ಇಡಿಸುವುದಾದರೆ ಪ್ಲೇಫೇರಿನ ತೆಳು ಗೆರೆಗಳೇ ಸಮಸ್ಯೆ. ಅಷ್ಟು ಕಿರಿದು ಜಾಗದಲ್ಲಿ ಎಲ್‌ಇಡಿ ಕೂರುವುದಿಲ್ಲ. ರಾತ್ರಿ ದಪ್ಪ ಗೆರೆ ಮಾತ್ರ ಬೆಳಗಿ, ತೆಳು ಗೆರೆ ಕತ್ತಲಾಗಿ, ಅಕ್ಷರ ಓದಲಿಕ್ಕೇ ಬರುವುದಿಲ್ಲ. ಎರಡು ದಾರಿ ಇವೆ. ಅಕ್ಷರದ ಹಿಂದೆ ದೀಪ ಇಟ್ಟು ಗೋಡೆಯ ಮೇಲೆ ಬೆಳಕು ಚೆಲ್ಲುವಂತೆ ಮಾಡಿ. ಇಲ್ಲವೇ ತೆಳು ಗೆರೆಗಳನ್ನು ಡಿಸೈನರ್ ಕೈಯಲ್ಲಿ ಸ್ವಲ್ಪ ದಪ್ಪ ಮಾಡಿಸಿ. ಬೋರ್ಡಿಗೆ ಒಂದು, ಬಾಕ್ಸಿಗೆ ಒಂದು ಅಂತ ಎರಡು ಆವೃತ್ತಿ ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಸೀರೆ ಬಾಕ್ಸ್ ಈ ಅಕ್ಷರಕ್ಕೆ ಹೇಳಿ ಮಾಡಿಸಿದ ಜಾಗ. ಮೆರೂನ್ ಬಣ್ಣದ ಮುಚ್ಚಳ, ಮೇಲೆ ಚಿನ್ನದ ಫಾಯಿಲ್, ಜನ ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡುತ್ತಾರೆ. ದಪ್ಪ ಗೆರೆಯ ಮೇಲೆ ಫಾಯಿಲ್ ಹೊಳೆಯುತ್ತದೆ, ಬಾಗು ಇರುವುದರಿಂದ ಹೊಳಪು ಓಡುತ್ತದೆ. ಆದರೆ ಗಾತ್ರ ತೀರಾ ಚಿಕ್ಕದಾದರೆ ತೆಳು ಗೆರೆಯಲ್ಲಿ ಫಾಯಿಲ್ ಹಿಡಿಯುವುದಿಲ್ಲ, 'ಎ'ಯ ಹೊಟ್ಟೆಯಲ್ಲಿ ಮಾತ್ರ ತುಂಬಿಕೊಳ್ಳುತ್ತದೆ. ನಿಮ್ಮ ಬಾಕ್ಸಿನದೇ ಕಾಗದದ ಮೇಲೆ ಒಂದು ಸ್ಯಾಂಪಲ್ ಒತ್ತಿಸಿ ನೋಡದೆ ಆರ್ಡರ್ ಕೊಡಬೇಡಿ. ಬಟ್ಟೆಯಂಥ ಕ್ಯಾರಿಬ್ಯಾಗ್ ಮೇಲೆ ಸ್ಕ್ರೀನ್ ಪ್ರಿಂಟ್ ಆಗುವಾಗ ಶಾಯಿ ಹರಡುತ್ತದೆ, ಅಲ್ಲಿ ಒಂದೇ ಬಣ್ಣ, ದೊಡ್ಡ ಗಾತ್ರ ಸಾಕು. ಗಾಢ ಬಣ್ಣದ ಮೇಲೆ ಬಿಳಿ ಅಕ್ಷರ ಬಿಡಿಸುವಾಗಲೂ ಅಷ್ಟೇ. ಸುತ್ತಲಿನ ಶಾಯಿ ಒಳಗೆ ನುಗ್ಗಿ ಸೆರಿಫ್‌ಗಳನ್ನು ತಿಂದುಬಿಡುತ್ತದೆ.

ಎಲ್ಲೆಲ್ಲಿ ಬಳಸಬಹುದು ಅಂತ ಕೇಳಿದ್ದೀರಿ. ಅಂಗಡಿಯ ಹೊರಗೂ ಇದಕ್ಕೆ ಗೌರವದ ಕೆಲಸಗಳಿವೆ. ಪಠ್ಯಪುಸ್ತಕದಲ್ಲಿ ಮೂರನೇ ಹಂತದ ಉಪಶೀರ್ಷಿಕೆ, ಪತ್ರಿಕೆಯಲ್ಲಿ ಲೇಖನದ ಮಧ್ಯೆ ಎತ್ತಿ ಹಾಕುವ ಒಂದು ಮಾತು, ಕೆಲವು ನಿಘಂಟುಗಳಲ್ಲಿ ನುಡಿಗಟ್ಟುಗಳು. ವಿಜ್ಞಾನದಲ್ಲಿ ಇದು ಅಲಂಕಾರವೇ ಅಲ್ಲ, ನಿಯಮ. ಜೀವಿಗಳ ವೈಜ್ಞಾನಿಕ ಹೆಸರು ಇಟಾಲಿಕ್‌ನಲ್ಲೇ ಇರಬೇಕು. ನಿಮ್ಮ ವ್ಯಾಪಾರಕ್ಕೆ ಮೂಲವಾದ ರೇಷ್ಮೆ ಹುಳುವಿನ ಹೆಸರು ಬಾಂಬಿಕ್ಸ್ ಮೋರಿ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಂಥ ಕಡೆಯ ಇಂಗ್ಲಿಷ್ ಪ್ರಬಂಧವೊಂದರ ಶೀರ್ಷಿಕೆ ಬೋಲ್ಡ್‌ನಲ್ಲಿದ್ದರೆ, ಅದರೊಳಗೆ ಬರುವ ಆ ಹೆಸರು ಬೋಲ್ಡ್ ಇಟಾಲಿಕ್ ಆಗಲೇಬೇಕು. ಗಣಿತದಲ್ಲಿ ವೆಕ್ಟರ್ ಬರೆಯುವುದಕ್ಕೆ ಐಎಸ್‌ಒ 80000-2 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವುದೂ ಸೆರಿಫ್ ಇರುವ ಬೋಲ್ಡ್ ಇಟಾಲಿಕ್ ಅನ್ನೇ. ಅಲ್ಲಿ ಅಕ್ಷರ ಸ್ವಲ್ಪ ತೆಳುವಾದರೆ ಅರ್ಥವೇ ಬೇರೆ.

ಕೊನೆಗೆ ಇನ್‌ಸ್ಟಾಗ್ರಾಂ, ವಾಟ್ಸಾಪ್ ವಿಷಯ, ಯಾಕಂದ್ರೆ ಅಲ್ಲೂ ಅಂಗಡಿ ಹೆಸರನ್ನು ಇದೇ ಥರ ಹಾಕಬೇಕು ಅಂತ ಅನ್ನಿಸುತ್ತದೆ. ಹೆಸರು ಟೈಪ್ ಮಾಡಿದರೆ ದಪ್ಪ ಓರೆ ಅಕ್ಷರ ಮಾಡಿಕೊಡುವ ಜಾಲತಾಣಗಳಿವೆ. ಅವು ಫಾಂಟ್ ಬದಲಿಸುವುದಿಲ್ಲ. 2001ರಲ್ಲಿ ಯೂನಿಕೋಡ್ ಎಂಬ ಕಂಪ್ಯೂಟರ್ ಅಕ್ಷರಗಳ ಪಟ್ಟಿಗೆ ಗಣಿತಕ್ಕೆಂದು ಸೇರಿಸಿದ ಬೋಲ್ಡ್ ಇಟಾಲಿಕ್ ಚಿಹ್ನೆಗಳನ್ನು ಒಂದೊಂದಾಗಿ ಜೋಡಿಸಿ ಕೊಡುತ್ತವೆ. ನೋಡಲು ನಿಮ್ಮ ಹೆಸರು, ಒಳಗೆ ಗಣಿತದ ಚಿಹ್ನೆಗಳ ಸಾಲು. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಅದನ್ನು ಹೆಸರಾಗಿ ಓದದೆ ಒಂದೊಂದು ಚಿಹ್ನೆಯನ್ನೂ ಬಿಡಿಬಿಡಿಯಾಗಿ ಹೇಳಬಹುದು, ಅಥವಾ ಪೂರ್ತಿ ಬಿಟ್ಟೇಬಿಡಬಹುದು. ಹುಡುಕಿದಾಗ ಹೆಸರು ಸಿಗದೇ ಹೋಗುವ ಸಾಧ್ಯತೆಯೂ ಇದೆ. ಪ್ರೊಫೈಲ್ ಚಿತ್ರದಲ್ಲಿ ನಿಮ್ಮ ಹೊಸ ಅಕ್ಷರ ಇರಲಿ, ಹೆಸರಿನ ಜಾಗದಲ್ಲಿ ಸಾದಾ ಕನ್ನಡ, ಸಾದಾ ಇಂಗ್ಲಿಷ್ ಟೈಪ್ ಮಾಡಿ.

ಡಿಸೈನರ್ ಕೆಲಸ ಮುಗಿಸಿ ಕೊಡುವಾಗ ಎರಡು ಫೈಲ್ ಕೇಳಿ ಪಡೆದುಕೊಳ್ಳಿ. ಅಕ್ಷರಗಳನ್ನೆಲ್ಲ ಕರ್ವ್ಸ್‌ಗೆ, ಅಂದರೆ ಬರೀ ಗೆರೆಗಳ ಚಿತ್ರವಾಗಿ, ಬದಲಿಸಿದ್ದು ಒಂದು, ಹಾಗೇ ಟೈಪ್ ಆಗಿ ಉಳಿಸಿಕೊಂಡದ್ದು ಇನ್ನೊಂದು. ಮೊದಲನೆಯದನ್ನು ಪ್ರೆಸ್ಸಿಗೆ, ಬೋರ್ಡ್ ಮಾಡುವವರಿಗೆ ಕೊಡಿ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಅಕ್ಷರ ಬದಲಾಗುವುದಿಲ್ಲ, 'ಕ್ಷ್ಮೀ' ಒಡೆದುಹೋಗುವುದಿಲ್ಲ. ಎರಡನೆಯದು ನಿಮ್ಮ ಹತ್ತಿರ ಇರಲಿ, ಮುಂದೆ ಮೈಸೂರಿನಲ್ಲೊಂದು ಶಾಖೆ ತೆರೆದು ಹೆಸರಿನ ಕೆಳಗೆ ಊರಿನ ಹೆಸರು ಸೇರಿಸಬೇಕಾದಾಗ ಬೇಕಾಗುತ್ತದೆ.